ಹತ್ತಿ ಗಿಡ್ಡ ಎಂದವನು

ಸೌಭಾಗ್ಯ ರಾಯಚೂರಿಗೆ ಬಂದದ್ದು ಜಗಳ ಮಾಡಲಿಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಆಕೆಯ ಬಗ್ಗೆ ಮೆತ್ತನೆಯ ಮಾತುಗಳು ಸಾಕಷ್ಟು ಬರುತ್ತವೆ. ಓದುವವರು ಅವಳನ್ನು ಮೆತ್ತನೆಯ ಹೆಣ್ಣೆಂದು ತಿಳಿದುಬಿಟ್ಟರೆ ಕಥೆ ಕೆಡುತ್ತದೆ.

ದೇವದುರ್ಗದ ಸುತ್ತಲಿನ ಆರುನೂರು ರೈತರು ಸೇರಿ ಕಟ್ಟಿಕೊಂಡ ಕಂಪನಿಯೊಂದರಲ್ಲಿ ಆಕೆ ಫೀಲ್ಡ್ ಆಫೀಸರ್. ಮಳೆಗಾಲದಲ್ಲಿ ಹೊಲ ಹೊಲ ತಿರುಗಿ ಹತ್ತಿಗೆ ಹುಳು ಬಿದ್ದಿದೆಯೇ ಎಂದು ನೋಡಬೇಕು, ಚಳಿಗಾಲದಲ್ಲಿ ಹತ್ತಿ ತುಂಬಿದ ಗಾಡಿಯ ಜೊತೆ, ಹತ್ತಿಯಿಂದ ಬೀಜ ಬೇರೆ ಮಾಡುವ ರಾಯಚೂರಿನ ಜಿನ್ನಿಂಗ್ ಮಿಲ್ಲಿಗೆ ಬರಬೇಕು. ವಯಸ್ಸು ಇಪ್ಪತ್ತೊಂಬತ್ತು. ನೋಡಲು ಬಂದ ಎರಡು ಗಂಡುಗಳು ಆಕೆಯ ಮಾತು ಕೇಳಿ ಚಹಾ ಮುಗಿಸದೆ ಎದ್ದು ಹೋಗಿದ್ದವು.

ಮಿಲ್ಲಿನಲ್ಲಿ ಗ್ರೇಡರ್ ಆಗಿದ್ದವನು ಮಾನ್ವಿಯ ಅಂಬರೀಶ. ಗಾಡಿಯಿಂದ ಒಂದು ಚಿಟಿಕೆ ಹತ್ತಿ ತೆಗೆದು, ಬೀಜ ಬಿಡಿಸಿ, ಎರಡೂ ಕೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಎಳೆದೆಳೆದು ಸಮ ಮಾಡಿ, ಕರಿ ಬಟ್ಟೆಯ ಮೇಲಿಟ್ಟು ಎಳೆಯ ಉದ್ದ ಹೇಳುವುದು ಅವನ ಕೆಲಸ. ಉದ್ದ ಅಳೆಯುವ ಯಂತ್ರಗಳು ಬಂದು ಬಹಳ ಕಾಲವಾಯಿತು. ಆದರೆ ಗೇಟಿನಲ್ಲಿ ಐವತ್ತು ಗಾಡಿ ನಿಂತಾಗ ಯಾರೂ ಯಂತ್ರಕ್ಕೆ ಕಾಯುವುದಿಲ್ಲ, ಅಂಬರೀಶ ಹೇಳಿದ್ದೇ ಉದ್ದ. ಹನ್ನೆರಡು ವರ್ಷಗಳಲ್ಲಿ ಅವನ ಮಾತು ಅರ್ಧ ಮಿಲಿಮೀಟರ್ ಆಚೀಚೆ ಆಗಿರಲಿಲ್ಲ.

ಎಳೆ ಗಿಡ್ಡವಾದಷ್ಟೂ ದರ ಇಳಿಯುತ್ತದೆ. ಆ ನವೆಂಬರಿನಲ್ಲಿ ಅವನು ದೇವದುರ್ಗದ ಎರಡು ಗಾಡಿಗಳನ್ನು ಗಿಡ್ಡ ಎಂದು ಬರೆದ. ಮೂರನೆಯದರ ಮುಂದೆ ಸೌಭಾಗ್ಯ ತಾನೇ ಬಂದು ನಿಂತಳು.

"ಇಪ್ಪತ್ತಾರು," ಎಂದ ಅವನು, ತಲೆ ಎತ್ತದೆ.

"ಮಾರಿ ನೋಡಿ ಹೇಳ್ರಿ."

ಅವನು ತಲೆ ಎತ್ತಿದ. ಕಣ್ಣು ದೊಡ್ಡವು, ನಿದ್ದೆ ಸಾಲದವು. ಎಡಗಣ್ಣಿನ ರೆಪ್ಪೆಯ ಮೇಲೆ ಹತ್ತಿಯ ಒಂದು ಎಳೆ ಕೂತಿತ್ತು. ಅದನ್ನು ತೆಗೆದು ಹಾಕಬೇಕೆಂದು ಸೌಭಾಗ್ಯಳಿಗೆ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಇಪ್ಪತ್ತಾರು ಅದ್ರಿ ಮೇಡಂ. ಎಳಿ ಗಿಡ್ಡ."

"ಹೋದ ವರ್ಷ ಇದೇ ಹೊಲದ್ದು, ಇದೇ ಬೀಜದ್ದು ಇಪ್ಪತ್ತೊಂಬತ್ತು ಅಂತ ನೀವೇ ಬರದೀರಿ. ವರ್ಷದಾಗ ನಮ್ಮ ಹೊಲ ಗಿಡ್ಡ ಆತೇನ್ರಿ?"

"ಹೊಲದ್ದು ನನಗ ಗೊತ್ತಿಲ್ರಿ. ಕೈಗೆ ಸಿಕ್ಕಿದ್ದು ಹೇಳಾಕತ್ತೀನಿ."

"ನಿಮ್ಮ ಕೈಗೆ ಯಾರ್ಯಾರು ಏನೇನು ಇಡಾಕತ್ತಾರ ಅಂತ ಊರೆಲ್ಲ ಮಾತಾಡಾಕತ್ತದ."

ಅವನ ಮುಖ ಕೆಂಪಾಯಿತು. ಸೌಭಾಗ್ಯ ಅದೇ ಚೀಲದಿಂದ ಹಿಡಿ ಹತ್ತಿ ತೆಗೆದುಕೊಂಡು ಕೃಷಿ ವಿಶ್ವವಿದ್ಯಾಲಯದ ಲ್ಯಾಬಿಗೆ ಹೋದಳು. ಎರಡು ದಿನ ಬಿಟ್ಟು ರಿಪೋರ್ಟ್ ತಂದು ಅವನ ಟೇಬಲ್ಲಿನ ಮೇಲಿಟ್ಟಳು. ಇಪ್ಪತ್ತೊಂಬತ್ತು ಪಾಯಿಂಟ್ ಮೂರು.

ಅಂಬರೀಶ ಅದನ್ನು ಎರಡು ಸಲ ಓದಿದ. ಕುರ್ಚಿ ಎಳೆದು ಆಕೆಗೆ ಕೊಟ್ಟ. ಅವಳ ಕಣ್ಣೆದುರಿಗೇ ಮತ್ತೊಮ್ಮೆ ಚಿಟಿಕೆ ತೆಗೆದು ಎಳೆದ. ಕರಿ ಬಟ್ಟೆಯ ಮೇಲೆ ಎಳೆ ಇಪ್ಪತ್ತಾರೇ ಇತ್ತು. ಆಮೇಲೆ ಗೇಟಿನ ಹತ್ತಿರ ಕೂತಿದ್ದ ನಬೀಸಾಬರನ್ನು ಕರೆಸಿದ. ಅಂಬರೀಶನಿಗೆ ಈ ಕೆಲಸ ಕಲಿಸಿದವರೇ ಅವರು. ಕಣ್ಣಿಗೆ ಪೊರೆ ಬಂದ ಮೇಲೆ ಬರೀ ಸಲಹೆಗೆ ಉಳಿದಿದ್ದರು. ನಬೀಸಾಬ್ ಕಣ್ಣು ಮುಚ್ಚಿಕೊಂಡೇ ಎಳೆದರು.

"ಇಪ್ಪತ್ತೊಂಬತ್ತು. ಭಾಳ ಛಲೋ ಮಾಲು." ಆಮೇಲೆ ಅಂಬರೀಶನ ಬಲಗೈ ಹಿಡಿದು ಬೆರಳುಗಳನ್ನು ಮುಟ್ಟಿ ನೋಡಿದರು. "ಎಳಿಯೋ ಮುಂದ ಉದ್ದನ ಎಳಿ ನಿನ್ನ ಬೆರಳಿನ್ಯಾಗಿಂದ ಜಾರಿ ಹೊಂಟಾವ ಬೇಟಾ. ಹಿಡಿತಾನೇ ಇಲ್ಲ. ಉಳಿದ ತುಂಡು ಅಳಿಯಾಕತ್ತಿ ನೀನು."

ಅಂಬರೀಶ ಮೂರೂ ಗಾಡಿಗಳ ಬರಹ ತಿದ್ದಿ, ಪಕ್ಕದಲ್ಲಿ 'ನನ್ನ ತಪ್ಪು' ಎಂದು ಬರೆದು ಸಹಿ ಹಾಕಿದ. ಸೌಭಾಗ್ಯ ಒಂದು ವಾರದಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಹಾಗೇ ಉಳಿದವು. ಕಳ್ಳನನ್ನು ಹಿಡಿಯಲು ಬಂದವಳಿಗೆ ಸಿಕ್ಕಿದ್ದು ಹೆದರಿದ ಮನುಷ್ಯನೊಬ್ಬ.

"ಕಣ್ಣಿನ ಮ್ಯಾಲ ಹತ್ತಿ ಅದ," ಎಂದು ಹೇಳಿ ಬಸ್ಸಿಗೆ ಹೊರಟಳು.

ಆಮೇಲೆ ವಾರಕ್ಕೊಂದು ಗಾಡಿ ಬರುತ್ತಿತ್ತು, ಗಾಡಿಯ ಜೊತೆ ಆಕೆಯೂ. ಗಾಡಿಯ ಜೊತೆ ಬರಲೇಬೇಕೆಂಬ ನಿಯಮವೇನೂ ಇರಲಿಲ್ಲ. ಕಂಪನಿಯಲ್ಲಿ ಯಾರೋ ಕೇಳಿದಾಗ, "ಗಿಡ್ಡ ಬರದ್ರ ನೀವು ಹೋಗಿ ಬಡಿದಾಡ್ತೀರೇನು?" ಎಂದಳು.

ಈಗ ನಬೀಸಾಬ್ ಎಳೆಯುತ್ತಿದ್ದರು, ಅಂಬರೀಶ ಬರೆಯುತ್ತಿದ್ದ. ಕೇಳಿದವರಿಗೆಲ್ಲ ಚಳಿಗೆ ಬೆರಳು ಹಿಡಿಯುತ್ತಿಲ್ಲ ಎನ್ನುತ್ತಿದ್ದ. ರಾಯಚೂರಿನ ಚಳಿ ಎಷ್ಟಿರುತ್ತದೆಂದು ರಾಯಚೂರಿನವರಿಗೆ ಗೊತ್ತು.

"ನನಗ ಕಲಿಸ್ರಿ," ಎಂದಳು ಒಂದು ದಿನ.

"ಯಾಕ? ನನ್ನ ನೌಕರಿ ಕಸ್ಕೊಳ್ಳಾಕ?"

"ನಿಮ್ಮ ಮ್ಯಾಲ ನಂಬಿಕಿ ಇಲ್ಲಲ್ಲ, ಅದಕ್ಕ."

ಅವನು ಕಲಿಸಿದ. ಬೀಜದಿಂದ ಎಳೆ ಬಿಡಿಸುವುದು, ಹೆಬ್ಬೆರಳ ತುದಿಗೆ ತರುವುದು, ಬಿಗಿ ಹಿಡಿದು ಒಂದೇ ಹದದಲ್ಲಿ ಎಳೆಯುವುದು. ಅವಳು ಜೋರಾಗಿ ಎಳೆದು ಎಳೆ ಹರಿಯುತ್ತಿದ್ದಳು. ಅವನು "ಹಂಗಲ್ಲ" ಎನ್ನುತ್ತ ಅವಳ ಬೆರಳನ್ನು ತನ್ನ ಬೆರಳಿಂದ ಸರಿಸಿ, ಸರಿಸಿದ ಮೇಲೂ ಒಂದು ಕ್ಷಣ ಅಲ್ಲೇ ಬಿಡುತ್ತಿದ್ದ. ಅವಳು ಅವನನ್ನು ನೋಡದೆ ಹತ್ತಿಯನ್ನೇ ನೋಡುತ್ತಿದ್ದಳು. ಕಿವಿ ಬೆಚ್ಚಗಾಗುವುದು ತನಗೆ ಮಾತ್ರ ಗೊತ್ತೆಂದು ತಿಳಿದಿದ್ದಳು. ಪೊರೆ ಬಂದ ಕಣ್ಣಿನ ನಬೀಸಾಬರಿಗೂ ಅದು ಕಾಣುತ್ತಿತ್ತು, ಅವರು ಗಂಟಲು ಸರಿಮಾಡಿಕೊಂಡು ಗೇಟಿನ ಕಡೆ ನಡೆಯುತ್ತಿದ್ದರು.

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಅವಳು ಗಾಡಿ ಹೊರಗೆ ಬಿಡುವ ಗೇಟ್ ಸ್ಲಿಪ್ ಕೇಳಿದಳು. ಅವನು ಸ್ಲಿಪ್ಪನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದುಕೊಂಡು ಮೇಲೆತ್ತಿದ.

"ಕೊಡಂಗಿಲ್ಲ. ಧೈರ್ಯ ಇದ್ರ ಕಸ್ಕೋರಿ."

"ಏನ್ ಸಣ್ಣ ಹುಡುಗರ ಆಟ ಇದು?"

"ಹೊಲ್ದಾಗ ಅಡ್ಡಾಡೋರ ಕೈಯಾಗ ಎಷ್ಟು ಶಕ್ತಿ ಅದ ನೋಡೂನು."

ಅವಳು ನಗುತ್ತ ಎರಡು ಬೆರಳಿಂದ ಮೆಲ್ಲಗೆ ಎಳೆದಳು. ಸ್ಲಿಪ್ಪು ಬಂದುಬಿಟ್ಟಿತು.

"ಪಾಪ ಅಂತ ಬಿಟ್ಟುಕೊಟ್ಟೆ," ಎಂದ.

ಸೌಭಾಗ್ಯ ನಗುತ್ತಲೇ ಇದ್ದಳು. ಆದರೆ ಅವನು ಬಿಟ್ಟುಕೊಟ್ಟಿರಲಿಲ್ಲ. ಬಿಟ್ಟುಕೊಡುವವನ ಬೆರಳು ತೆರೆಯುತ್ತದೆ. ಇವನದು ಕೊನೆಯ ತನಕ ಬಿಳುಚಿಕೊಂಡು ಒತ್ತಿಯೇ ಇತ್ತು. ಅವಳ ಕಣ್ಣು ಅವನ ಕೈಗೆ ಹೋಯಿತು. ಬಲಗೈಯ ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸ ಒಳಗೆ ಇಳಿದು ಸಣ್ಣ ಗುಳಿ ಬಿದ್ದಿತ್ತು. ಎಡಗೈಯಲ್ಲಿ ಅದೇ ಜಾಗ ತುಂಬಿಕೊಂಡಿತ್ತು.

ಅವಳ ಕೆಲಸದ ಬಗ್ಗೆ ಇಲ್ಲೊಂದು ಮಾತು ಹೇಳಬೇಕು. ಗುಲಾಬಿ ಬಣ್ಣದ ಕಾಯಿಕೊರಕ ಹುಳು ಹತ್ತಿಗೆ ಬಿದ್ದಾಗ ಗಿಡ ಹಸಿರಾಗೇ ಇರುತ್ತದೆ. ಎಲೆ ಬಾಡುವುದಿಲ್ಲ, ಕಾಯಿ ಉದುರುವುದಿಲ್ಲ. ನೂರು ಹೂಗಳಲ್ಲಿ ನಾಲ್ಕೈದು ಮಾತ್ರ ಅರಳದೆ ಎಸಳು ಮುದುಡಿಕೊಂಡು ಕೂರುತ್ತವೆ. ರೈತ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸೌಭಾಗ್ಯ ಆರು ವರ್ಷಗಳಿಂದ ಮಾಡುತ್ತಿದ್ದದ್ದು ಆ ನಾಲ್ಕೈದು ಹೂ ಹುಡುಕುವ ಕೆಲಸ. ಡೈರಿಯಲ್ಲಿ ತಾರೀಖು ಹಾಕಿ ಬರೆದುಕೊಳ್ಳುತ್ತಿದ್ದಳು, ಎಲ್ಲಿ, ಎಷ್ಟು, ಯಾವಾಗ ಎಂದು. ಅಂದು ಬಸ್ಸಿನಲ್ಲಿ ಡೈರಿಯ ಕೊನೆಯ ಹಾಳೆ ತೆಗೆದು ತಾರೀಖು ಹಾಕಿ ಬರೆದಳು: ಬಲಗೈ ಗುಳಿ, ಸ್ಲಿಪ್ಪು ಹಿಡಿಯಲಾಗಲಿಲ್ಲ.

ಪ್ರೀತಿಸುವವರು ಒಬ್ಬರನ್ನೊಬ್ಬರು ಬಹಳ ಹೊತ್ತು ನೋಡುತ್ತಾರೆ. ಬೇರೆಯವರಿಗೆ ಅದು ಕೆಲಸವಿಲ್ಲದವರ ಕೆಲಸವಾಗಿ ಕಾಣುತ್ತದೆ. ಆದರೆ ಹಾಗೆ ನೋಡುವಾಗ ಕಾಣುವುದೆಲ್ಲ ಚೆಂದವೇ ಆಗಿರಬೇಕೆಂದಿಲ್ಲ. ಅಂಬರೀಶ ಅಂಗಿಯ ಮೇಲಿನ ಗುಂಡಿ ಹಾಕುವುದನ್ನು ಬಿಟ್ಟಿದ್ದ. ಕ್ಯಾಂಟೀನಿನ ಹುಡುಗಿಯರು ಅದನ್ನು ಸ್ಟೈಲ್ ಅಂದುಕೊಂಡರು, ಸೌಭಾಗ್ಯ ಡೈರಿಯಲ್ಲಿ ಬರೆದುಕೊಂಡಳು. ಬೈಕಿನ ಕೀಲಿಯನ್ನು ಎಡಗೈಯಿಂದ ತಿರುಗಿಸುತ್ತಿದ್ದ. ಚಹಾ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿಯುತ್ತಿದ್ದ.

ಜನವರಿಯ ಒಂದು ಭಾನುವಾರ ಇಬ್ಬರೂ ದೇವಸುಗೂರಿಗೆ ಹೋದರು. ಸುಗೂರೇಶ್ವರನಿಗೆ ಕಾಯಿ ಒಡೆಸಿ, ಕೃಷ್ಣಾ ನದಿಯ ಕಡೆ ಮೆಟ್ಟಿಲು ಇಳಿಯುತ್ತಿದ್ದರು. ಅಂಬರೀಶ ಏನೋ ಹೇಳುತ್ತ ಮುಂದೆ ನಡೆದ. ಸೌಭಾಗ್ಯ ಹಿಂದೆ ನಿಂತಳು. ಅವನ ಬಲಗಾಲಿನ ಚಪ್ಪಲಿ ಮೂರು ಮೆಟ್ಟಿಲು ಹಿಂದೆಯೇ ಉಳಿದಿತ್ತು, ಅವನು ಬರಿಗಾಲಲ್ಲಿ ಇಳಿಯುತ್ತಲೇ ಇದ್ದ.

"ರೀ, ಚಪ್ಪಲಿ," ಎಂದಳು.

ಅವನು ಕೆಳಗೆ ನೋಡಿಕೊಂಡು ನಕ್ಕ. "ನಿಮ್ಮ ಜೊತಿ ಅಡ್ಡಾಡಿದ್ರ ಕಾಲು ನೆಲದ ಮ್ಯಾಲ ಇರಂಗಿಲ್ಲ, ಚಪ್ಪಲಿ ಹೆಂಗ ಉಳೀತದ?"

ಮಾತು ಚೆನ್ನಾಗಿತ್ತು. ಬೇರೆ ದಿನವಾಗಿದ್ದರೆ ಅವಳು ಅದನ್ನು ಮನೆಯ ತನಕ ಒಯ್ದು, ಮಲಗುವಾಗ ಮತ್ತೆ ಕೇಳಿಸಿಕೊಳ್ಳುತ್ತಿದ್ದಳು. ಚಪ್ಪಲಿ ತಂದು ಅವನ ಕಾಲ ಹತ್ತಿರ ಇಟ್ಟಳು. ಇಬ್ಬರೂ ನೀರಿನ ಹತ್ತಿರ ಕೂತರು. ಅರ್ಧ ತೋಳಿನ ಅಂಗಿಯ ಕೆಳಗೆ, ಅವನ ತೋಳಿನ ಚರ್ಮದಡಿ ಏನೋ ಸಣ್ಣಗೆ ಹಾರುತ್ತಿತ್ತು. ಒಂದು ಕಡೆ ನಿಂತು, ಇನ್ನೊಂದು ಕಡೆ ಶುರುವಾಗುತ್ತಿತ್ತು. ಅವನು ಕೈ ಅಲ್ಲಾಡಿಸಿರಲಿಲ್ಲ.

"ನೋವದೇನ್ರಿ ಕೈ?"

"ಇಲ್ಲ."

"ಜುಮ್ ಅಂತದ?"

"ಇಲ್ಲ. ಸೂಜಿ ಚುಚ್ಚಿದ್ರ ಗೊತ್ತಾಗ್ತದ, ಬಿಸಿ ಮುಟ್ಟಿದ್ರ ಗೊತ್ತಾಗ್ತದ. ರಾತ್ರಿ ಒಂದೊಂದು ಸಲ ಮೀನಖಂಡ ಹಿಡ್ಕೋತದ, ಅಷ್ಟೇ. ನೋವೇ ಇಲ್ಲ ಅಂದ ಮ್ಯಾಲ ಅದರಾಗ ಏನದ?" ಅವನು ನದಿಯ ಕಡೆ ತಿರುಗಿದ. "ಹತ್ತಿ ಮುಗಿದ ಮ್ಯಾಲ ದೇವದುರ್ಗಕ್ಕ ಬರ್ಬೇಕು ಅಂತ ಮಾಡೀನಿ. ನಿಮ್ಮವ್ವನ್ನ ಮಾತಾಡ್ಸಾಕ."

"ನಮ್ಮವ್ವನ್ನ ಮಾತಾಡಿಸಿ ಏನ್ ಮಾಡ್ತೀರಿ?"

"ನಿಮ್ಮ ಮಗಳು ಭಾಳ ಬಾಯಿ ಮಾಡ್ತಾಳ, ನಮ್ಮ ಮನಿಗೆ ಕಳಿಸ್ರಿ, ಅಲ್ಲಿ ಬಾಯಿ ಮಾಡೋರು ಯಾರೂ ಇಲ್ಲ ಅಂತ ಹೇಳ್ತೀನಿ."

"ನಮ್ಮ ಜಾತಿ ಬ್ಯಾರೆ, ನಿಮ್ಮ ಜಾತಿ ಬ್ಯಾರೆ. ನಿಮ್ಮವ್ವ ಒಪ್ತಾರೇನು?"

"ನಮ್ಮವ್ವಗ ನಾನು ಹೇಳ್ತೀನಿ. ನಿಮಗ ಒಪ್ಪಿಗಿ ಅದೋ ಇಲ್ಲೋ, ಅದನ್ನ ಹೇಳ್ರಿ."

ಅವಳು ಅವನ ಮುಖ ನೋಡಿದಳು. ಅವನೂ ನೋಡಿದ, ಕಣ್ಣು ತೆಗೆಯಲಿಲ್ಲ. ಅವಳು "ಹೂಂ" ಎಂದಷ್ಟೇ ಹೇಳಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ತನಗೆ ಇಷ್ಟು ಸಂತೋಷವಾಗಬಹುದೆಂದು ಆಕೆಗೆ ಗೊತ್ತಿರಲಿಲ್ಲ. ಅದೇ ಹೊತ್ತಿಗೆ ಅವನ ತೋಳಿನಲ್ಲಿ ಹಾರುತ್ತಿದ್ದದ್ದೂ ಕಾಣುತ್ತಿತ್ತು.

ಅಂದು ರಾತ್ರಿ ಡೈರಿಯಲ್ಲಿ ಬರೆದುಕೊಂಡ ಲಕ್ಷಣಗಳನ್ನು ಫೋನಿನಲ್ಲಿ ಹುಡುಕಿದಳು, ಓದಿದಳು, ಮುಚ್ಚಿಟ್ಟಳು, ಮತ್ತೆ ಓದಿದಳು. ಹನ್ನೊಂದು ದಿನ ಏನೂ ಹೇಳಲಿಲ್ಲ. ಹೇಳಿದರೆ ಅವನು ದೇವದುರ್ಗಕ್ಕೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ಹನ್ನೊಂದು ದಿನಗಳನ್ನು ಅವಳು ತನಗಾಗಿ ಇಟ್ಟುಕೊಂಡಳು. ಮುಂದೆ ಅದಕ್ಕೆ ಅವಳು ಕ್ಷಮೆ ಕೇಳಿದ್ದೂ ಉಂಟು, ಕೇಳಬಾರದಿತ್ತು ಎಂದುಕೊಂಡದ್ದೂ ಉಂಟು.

ಹನ್ನೆರಡನೆಯ ದಿನ ಮಿಲ್ಲಿಗೆ ಬಂದು ಡೈರಿಯ ಕೊನೆಯ ಹಾಳೆ ತೆಗೆದು ಅವನ ಮುಂದಿಟ್ಟಳು. ಅಂಬರೀಶ ಓದಿದ. ಓದುತ್ತ ಓದುತ್ತ ಅವನ ಮುಖದಲ್ಲಿ ಮೊದಲು ನಗು ಇತ್ತು, ಆಮೇಲೆ ಇರಲಿಲ್ಲ.

"ನೀವು ನನ್ನ ನೋಡಾಕ ಬರ್ತಿದ್ರೋ, ಹುಳ ಹುಡುಕಾಕ ಬರ್ತಿದ್ರೋ?"

"ಎರಡಕ್ಕೂ."

"ನಿಮಗ ಹೇಳಿದ್ದಿಲ್ಲ, ಮಾನ್ವಿ ಡಾಕ್ಟರು ಕುತ್ತಿಗಿ ನರ ಅಂದಾರ. ಇಂಜೆಕ್ಷನ್ ಕೊಟ್ಟಾರ, ಕುತ್ತಿಗಿಗೆ ಹಾಕ್ಕೊಳ್ಳೋ ಪಟ್ಟಿ ಕೊಟ್ಟಾರ. ಇಲ್ಲಿ ಇನ್ನೊಬ್ರು ಆಪರೇಷನ್ ಮಾಡಿದ್ರ ಸರಿ ಹೋಗ್ತದ ಅಂದಾರ. ಮುಂದಿನ ತಿಂಗಳು ತಾರೀಖೂ ಕೊಟ್ಟಾರ."

"ಕುತ್ತಿಗಿ ನರ ಆಗಿದ್ರ ನೋವು ಇರ್ಬೇಕಿತ್ತು, ಇಲ್ಲಾ ಜುಮ್ ಅನ್ಬೇಕಿತ್ತು. ನಿಮಗ ಎರಡೂ ಇಲ್ಲ. ಕೈ ಸಣ್ಣ ಆಗಾಕತ್ತದ, ಕಾಲಾಗ ಚಪ್ಪಲಿ ನಿಲ್ಲವಲ್ದು. ನಾ ಡಾಕ್ಟರಲ್ಲ. ನಂದು ತಪ್ಪಾಗಿದ್ರ ದೊಡ್ಡ ಪುಣ್ಯ. ಆಪರೇಷನ್‌ಗಿಂತ ಮೊದಲು ನರದ ಡಾಕ್ಟರಿಗೆ ಒಮ್ಮೆ ತೋರಿಸ್ರಿ. ಇಷ್ಟೇ ನಾ ಕೇಳೋದು."

ಮೂರನೆಯ ದಿನ ಫೋನು ಮಾಡಿ, "ಯಾವ ಡಾಕ್ಟರು?" ಎಂದ.

ರಾಯಚೂರಿನ ನರರೋಗದ ಡಾಕ್ಟರು ನಾಗವೇಣಿ ಆ ಹಾಳೆಯನ್ನು ರಿಪೋರ್ಟುಗಳಿಗಿಂತ ಮೊದಲು ಓದಿದರು. ಸುತ್ತಿಗೆಯಿಂದ ಮಂಡಿ ತಟ್ಟಿದರು, ಅಂಗಾಲು ಗೀರಿದರು, ನಾಲಗೆ ಹೊರಗೆ ಚಾಚಲು ಹೇಳದೆ ಬಾಯೊಳಗೇ ಇಟ್ಟುಕೊಳ್ಳಲು ಹೇಳಿ ಬ್ಯಾಟರಿ ಬಿಟ್ಟು ಬಹಳ ಹೊತ್ತು ನೋಡಿದರು. ಹೈದರಾಬಾದಿಗೆ ನರ ಮತ್ತು ಸ್ನಾಯುಗಳ ಪರೀಕ್ಷೆಗೆ ಬರೆದುಕೊಟ್ಟರು. ಆಪರೇಷನ್ ಬೇಡ ಎಂದರು. ಫೆಬ್ರವರಿ ಮುಗಿಯುವ ಹೊತ್ತಿಗೆ ಹೆಸರು ಸಿಕ್ಕಿತು: ಮೋಟಾರ್ ನ್ಯೂರಾನ್ ಕಾಯಿಲೆ.

"ಸ್ನಾಯುಗಳಿಗೆ ಅಲ್ಲಾಡು ಅಂತ ಹೇಳುವ ನರಕೋಶಗಳು ಒಂದೊಂದಾಗಿ ಸಾಯ್ತಾ ಹೋಗ್ತವೆ," ಎಂದರು ಡಾಕ್ಟರು. "ಮುಟ್ಟಿದ್ದು ಗೊತ್ತಾಗ್ತದೆ, ಕಣ್ಣು ಕಾಣ್ತದೆ, ಕಿವಿ ಕೇಳ್ತದೆ. ಸಾಮಾನ್ಯವಾಗಿ ಐವತ್ತು ದಾಟಿದವರಿಗೆ ಬರೋದು, ನಿಮಗೆ ಮೂವತ್ನಾಲ್ಕಕ್ಕೆ ಬಂದಿದೆ. ವಾಸಿ ಮಾಡುವ ಔಷಧ ಇಲ್ಲ. ನಿಧಾನ ಮಾಡುವ ಗುಳಿಗೆ ಇದೆ, ಅದೂ ಸ್ವಲ್ಪ. ಉಸಿರಾಟದ ಪರೀಕ್ಷೆ ಮೂರು ತಿಂಗಳಿಗೊಮ್ಮೆ ಮಾಡಿಸಬೇಕು. ನೀರು ಕುಡಿಯುವಾಗ ಕೆಮ್ಮು ಬಂದರೆ, ಮಾತು ತೊದಲಿದರೆ ಕಾಯದೆ ಬನ್ನಿ."

"ಎಷ್ಟು ವರ್ಷ?" ಎಂದ ಅಂಬರೀಶ.

"ಕೆಲವರಿಗೆ ಎರಡು ಮೂರು, ಕೆಲವರಿಗೆ ಹತ್ತು. ನಿಮ್ಮದು ಹೇಳೋಕೆ ಆಗೋದಿಲ್ಲ." ಡಾಕ್ಟರು ಹಾಳೆಯನ್ನು ಸೌಭಾಗ್ಯಳಿಗೆ ವಾಪಸು ಕೊಟ್ಟರು. "ನನ್ನ ಹತ್ತಿರ ಬಹಳ ಜನ ಬೇಡದ ಆಪರೇಷನ್ ಮಾಡಿಸಿಕೊಂಡು ವರ್ಷ ಕಳೆದ ಮೇಲೆ ಬರ್ತಾರೆ. ನೀವು ಬೇಗ ಬಂದಿದ್ದೀರಿ. ಬೇಗ ಬಂದರೆ ಕಾಯಿಲೆ ಹೋಗೋದಿಲ್ಲ, ಆದರೆ ಏನೇನು ಮಾಡಿಕೊಳ್ಳಬೇಕೋ ಅದಕ್ಕೆ ಟೈಮ್ ಸಿಗ್ತದೆ. ಒಂದು ಕೆಲಸ ಈಗಲೇ ಮಾಡಿ. ದನಿ ಚೆನ್ನಾಗಿರುವಾಗ ನಿಮ್ಮ ಮಾತುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ದಿನಾ ಮನೆಯಲ್ಲಿ ಬೇಕಾಗುವ ಮಾತು. ಮುಂದೆ ಬಟನ್ ಒತ್ತಿದರೆ ನಿಮ್ಮ ದನಿಯಲ್ಲೇ ಬರ್ತದೆ."

ಆಸ್ಪತ್ರೆಯ ಹೊರಗೆ ಅಂಬರೀಶ ಅವಳಿಗೆ ದೇವದುರ್ಗದ ಬಸ್ಸು ತೋರಿಸಿ, ಹತ್ತಿಸಿ, ಕಿಟಕಿಯ ಹತ್ತಿರ ಬಂದು ನಿಂತ.

"ನಿಮ್ಮವ್ವನ್ನ ಮಾತಾಡ್ಸಾಕ ಬರಂಗಿಲ್ಲ ನಾನು," ಎಂದ. ಬಸ್ಸು ಹೊರಟಿತು.

ಆಮೇಲೆ ಫೋನು ಎತ್ತಲಿಲ್ಲ. ಒಂದು ಮೆಸೇಜು ಬಂತು, ಬಹಳ ಮರ್ಯಾದೆಯ ಭಾಷೆಯಲ್ಲಿ: ತಾವು ಮಾಡಿದ ಉಪಕಾರ ಮರೆಯುವುದಿಲ್ಲ, ತಮಗೆ ಒಳ್ಳೆಯ ಸಂಬಂಧ ಕೂಡಿಬರಲಿ. ಸೌಭಾಗ್ಯ ಓದಿ, "ತಾವು ಅಂತ ತಾವು," ಎಂದು ಫೋನು ಹಾಸಿಗೆಯ ಮೇಲೆ ಎಸೆದಳು. ಆಮೇಲೆ ಅತ್ತಳು. ತಾಯಿ ಬೂದೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತು ನೋಡಿದಳು. ಮಗಳು ಎಲ್ಲವನ್ನೂ ಹೇಳಿದಳು. ಬೂದೆಮ್ಮ ಬಹಳ ಹೊತ್ತು ಹಿಟ್ಟಿನ ಕೈ ಒರೆಸಿಕೊಳ್ಳುತ್ತಿದ್ದಳು.

"ನಾ ಬ್ಯಾಡ ಅಂದ್ರ ಬಿಡ್ತೀಯೇನು?"

"ಇಲ್ಲ."

"ಮತ್ತ ನನ್ನ ಯಾಕ ಕೇಳಾಕತ್ತಿ?" ಎಂದು ಬೂದೆಮ್ಮ ಒಲೆಯ ಕಡೆ ಹೋದಳು. ರೊಟ್ಟಿ ಬಡಿಯುವ ಸದ್ದು ಅಂದು ಎಂದಿಗಿಂತ ಜೋರಾಗಿತ್ತು.

ಸೌಭಾಗ್ಯ ಐದು ವಾರ ತಡೆದಳು. ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದಳು. ಕೊನೆಗೆ ಏನಾಗುತ್ತದೆ ಎನ್ನುವುದನ್ನೂ ಬಿಡದೆ ಓದಿದಳು, ಏಕೆಂದರೆ ಗೊತ್ತಿಲ್ಲದೆ ಒಪ್ಪಿಕೊಂಡಳು ಎಂದು ನಾಳೆ ಯಾರೂ ಅನ್ನಬಾರದು, ತಾನೂ ಅಂದುಕೊಳ್ಳಬಾರದು. ಓದಿದ ಮೇಲೂ ಅವನೇ ಬೇಕೆನಿಸಿತು. ಏಪ್ರಿಲಿನ ಒಂದು ದಿನ ಸಿರವಾರದಲ್ಲಿ ಬಸ್ಸು ಬದಲಾಯಿಸಿ, ಸಂಜೆಯ ಹೊತ್ತಿಗೆ ಮಾನ್ವಿಯಲ್ಲಿ ಇಳಿದಳು.

ಅಂಬರೀಶನ ಮನೆ ಊರ ಅಂಚಿನಲ್ಲಿತ್ತು, ಹಿಂದೆಯೇ ಕಾಲುವೆ ನೀರಿನ ಭತ್ತದ ಗದ್ದೆಗಳು. ಅವನ ತಾಯಿ ಚನ್ನಮಲ್ಲಮ್ಮ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಯಾರೆಂದು ಕೇಳಲಿಲ್ಲ, ನೋಡಿದ ಕೂಡಲೇ ತಿಳಿಯಿತು. ಮೊರ ಕೆಳಗಿಟ್ಟು ನೀರು ತಂದುಕೊಟ್ಟರು.

"ಒಂದು ಮಾತು ಹೇಳ್ತೀನಿ ಯವ್ವಾ, ಸಿಟ್ಟಾಗಬ್ಯಾಡ," ಎಂದರು. "ಸಂಕ್ರಾಂತಿ ಮುಂದ ಅವ ನಿನ್ನ ಸುದ್ದಿ ಹೇಳಿದಾಗ, ಆ ಜಾತಿ ಹುಡುಗಿ ನಮ್ಮ ಮನಿಗೆ ಬ್ಯಾಡ ಅಂದಿದ್ದೆ. ಈಗ ನೀ ಬಂದ್ರ ಸಾಕು ಅನಸಾಕತ್ತದ. ಮಗಗ ಬ್ಯಾನಿ ಬಂದ ಮ್ಯಾಲ ನಂಗ ಜಾತಿ ಮರ್ತೋತು. ನಾ ಎಂಥಾಕಿ ಅಂತ ನಂಗ ನಾಚಿಕಿ ಆಗಾಕತ್ತದ. ಅದಕ್ಕ ನಿನ್ನ ಬಾ ಅಂತ ನಾ ಕರಿಯಂಗಿಲ್ಲ."

"ನೀವು ಕರೀಬ್ಯಾಡ್ರಿ ಅತ್ತಿ," ಎಂದಳು ಸೌಭಾಗ್ಯ. ಅತ್ತಿ ಎಂಬ ಮಾತು ಹೇಗೆ ಬಾಯಿಂದ ಬಂತೆಂದು ಇಬ್ಬರಿಗೂ ತಿಳಿಯಲಿಲ್ಲ. "ಕರೀಬೇಕಾದವರು ಒಳಗ ಅದಾರ."

ಅಂಬರೀಶ ಪಡಸಾಲೆಯಲ್ಲಿ ಮಂಚದ ಮೇಲೆ ಕೂತಿದ್ದ, ಮುಂದೆ ಸ್ಟೂಲಿನ ಮೇಲೆ ಫೋನು. ಸ್ವಲ್ಪ ತೆಳ್ಳಗಾಗಿದ್ದ. ಅವಳನ್ನು ನೋಡಿ ಎದ್ದು ನಿಲ್ಲಲು ಹೋಗಿ, ಎಡಗೈಯಿಂದ ಮಂಚ ಹಿಡಿದುಕೊಂಡ. ಆ ಒಂದು ಕ್ಷಣ ಅವನ ಮುಖದಲ್ಲಿ ಎಲ್ಲವೂ ಇತ್ತು. ಆಮೇಲೆ ಅದನ್ನು ತೆಗೆದಿಟ್ಟ.

"ತಾವು ಯಾಕ ಬಂದ್ರಿ?"

"ತಾವು ರೆಕಾರ್ಡ್ ಮಾಡಾಕತ್ತೀರೇನೋ ಅಂತ ನೋಡಾಕ ಬಂದೆ. ಡಾಕ್ಟರು ಹೇಳಿದ್ದು ಮರ್ತೀರೇನೋ ಅಂತ."

"ಮರ್ತಿಲ್ಲ. ದಿನಾ ಒಂದಿಷ್ಟು ಮಾಡಾಕತ್ತೀನಿ."

"ಕೇಳಿಸ್ರಿ."

ಅವನು ಬಟನ್ ಒತ್ತಿದ. ಅವನದೇ ದನಿ ಒಂದೊಂದಾಗಿ ಬಂತು. ಯವ್ವಾ, ನೀರು ಕೊಡು. ಯವ್ವಾ, ಫ್ಯಾನ್ ಹಾಕು. ಯವ್ವಾ, ಊಟ ಸಾಕು. ಯವ್ವಾ, ನೀ ಉಂಡೇನು? ನಬೀಸಾಬ್‌ರಿ, ಬರ್ರಿ, ಕೂಡ್ರಿ, ಕಣ್ಣಿನ ಆಪರೇಷನ್ ಆತೇನ್ರಿ? ಹೀಗೆ ಎಪ್ಪತ್ತು ಎಂಬತ್ತು ಮಾತು. ಸೌಭಾಗ್ಯ ಎಲ್ಲವನ್ನೂ ಕೇಳಿದಳು. ಕೊನೆಯದು ಮುಗಿದು ಫೋನು ಸುಮ್ಮನಾಯಿತು.

"ನನ್ನ ಹೆಸರು ಒಂದರಾಗೂ ಇಲ್ಲ," ಎಂದಳು.

"ನೀವು ಇರಂಗಿಲ್ಲಲ್ಲ."

"ಯಾರು ಹೇಳಿದ್ರು?"

"ನಾ ಹೇಳಾಕತ್ತೀನಿ ಸೌಭಾಗ್ಯ. ಇನ್ನೊಂದೆರಡು ವರ್ಷಕ್ಕ ನನಗ ತುತ್ತು ಇಡೋರು ಬೇಕು, ಹೊಳ್ಳಿಸಿ ಮಲಗಿಸೋರು ಬೇಕು. ಅದಕ್ಕ ನಾ ನಿಮ್ಮನ್ನ ಕಟ್ಕೋಬೇಕೇನು? ನನ್ನ ಮ್ಯಾಲ ಪ್ರೀತಿ ಇದ್ರ ಹೋಗ್ರಿ."

"ಆತು. ಹಂಗಂದ್ರ ಅದನ್ನ ರೆಕಾರ್ಡ್ ಮಾಡ್ರಿ."

"ಏನು?"

"'ಸೌಭಾಗ್ಯ, ಹೋಗು' ಅಂತ." ಅವಳು ಸ್ಟೂಲನ್ನು ಅವನ ಹತ್ತಿರಕ್ಕೆ ಸರಿಸಿದಳು. "ಈಗ ಬಾಯಿ ಅದ, ಹೋಗ್ರಿ ಅನ್ನಾಕತ್ತೀರಿ. ನಾ ಇವತ್ತು ಹೋಗ್ತೀನಿ, ಮುಂದಿನ ವಾರ ಬರ್ತೀನಿ. ನಾಳೆ ಬಾಯಿ ಹ್ವಾದ ಮ್ಯಾಲೂ ಬಂದು ಇಲ್ಲೇ ಕೂಡ್ತೀನಿ. ಆವಾಗ ನನ್ನ ಹೆಂಗ ಹೊರಗ ಹಾಕ್ತೀರಿ? ಆ ಮಾತು ನಿಮಗ ದಿನಾ ಬೇಕಾಗ್ತದ. ಮಾಡಿ ಇಟ್ಕೋರಿ. ಮಾಡಿದ್ರ ನಾ ಈಗಿನ ಬಸ್ಸಿಗೇ ಹೋಗ್ತೀನಿ, ಹೊಳ್ಳಿ ಬರಂಗಿಲ್ಲ."

ಅಂಬರೀಶ ಅವಳನ್ನು ನೋಡಿದ. ಅವಳು ತಮಾಷೆ ಮಾಡುತ್ತಿರಲಿಲ್ಲ, ಕೈಯಲ್ಲಿ ಬ್ಯಾಗು ಹಿಡಿದೇ ನಿಂತಿದ್ದಳು. ಅವನು ಹೇಳಿಬಿಡಬಹುದೆಂದು ಅವಳಿಗೆ ಗೊತ್ತಿತ್ತು. ಅವನು ಮಾತಿಗೆ ತಪ್ಪದ ಮನುಷ್ಯ, ತಾನೂ ಅಷ್ಟೇ.

ಅವನು ಎಡಗೈಯ ಬೆರಳಿಂದ ಕೆಂಪು ಗುಂಡಿ ಒತ್ತಿದ. "ಸೌಭಾಗ್ಯ," ಎಂದ. ನಿಲ್ಲಿಸಿದ. ಅಳಿಸಿದ.

ಮತ್ತೆ ಒತ್ತಿದ. "ಸೌಭಾಗ್ಯ." ಫ್ಯಾನಿನ ಸದ್ದು, ಹೊರಗೆ ಮೊರದಲ್ಲಿ ಅಕ್ಕಿ ಹಾರುವ ಸದ್ದು. ಅದನ್ನೂ ಅಳಿಸಿದ.

ಮೂರನೆಯ ಸಲ ಒತ್ತಿದ. ಫೋನಿನಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಅವನ ಕಣ್ಣು ಅವಳನ್ನು ಬಿಟ್ಟು ಅವಳ ಹಿಂದಿನ ಬಾಗಿಲಿಗೆ ಹೋಯಿತು. ತೆರೆದ ಬಾಗಿಲಲ್ಲಿ ಸಂಜೆ ಬೆಳಕು ಕಡಿಮೆಯಾಗುತ್ತಿತ್ತು, ಗದ್ದೆಯ ಕಡೆಯಿಂದ ತಂಪು ಬರುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡ. ದಿನಾ ಹೇಳುವ ಮಾತು ಹೇಳುವವನ ಹಾಗೆ, ಸ್ವಲ್ಪ ಬೇಸರದ ದನಿಯಲ್ಲೇ ಹೇಳಿದ:

"ಸೌಭಾಗ್ಯ, ಬಾಗಲಾ ಹಾಕಿ ಒಳಗ ಬಾ. ಸೊಳ್ಳಿ ಬರಾಕತ್ತಾವ."

ಗುಂಡಿ ಒತ್ತಿ ನಿಲ್ಲಿಸಿದ. ಈ ಸಲ ಅಳಿಸಲಿಲ್ಲ.

ಸೌಭಾಗ್ಯ ಬ್ಯಾಗು ಮಂಚದ ಕೆಳಗಿಟ್ಟಳು. ಹೋಗಿ ಅಂಗಳಕ್ಕೆ ಇಣುಕಿ, "ಅತ್ತಿ, ನೀವೂ ಒಳಗ ಬರ್ರಿ," ಎಂದಳು. ಚನ್ನಮಲ್ಲಮ್ಮ ಮೊರ ಎತ್ತಿಕೊಂಡು ಒಳಗೆ ಬಂದ ಮೇಲೆ ಬಾಗಿಲು ಹಾಕಿದಳು.